ಅಳಿವೆಯ ನೀರು, ಕ್ಯಾಮೆರಾದ ಕಣ್ಣು

ನದಿಯು ಕಡಲನ್ನು ಕೂಡುವ ಅಳಿವೆಯಲ್ಲಿ ನೀರು ಒಂದೇ ದಿಕ್ಕಿಗೆ ಹರಿಯುವುದಿಲ್ಲ. ದಿನಕ್ಕೆ ಎರಡು ಬಾರಿ ಸಮುದ್ರ ಒಳಕ್ಕೇರುತ್ತದೆ, ಎರಡು ಬಾರಿ ಹಿಂದೆ ಸರಿಯುತ್ತದೆ. ಈ ಭರತ ಇಳಿತಗಳನ್ನು ಅರಿಯದವನು ಅಲ್ಲಿ ಹಕ್ಕಿಗಳ ಚಿತ್ರ ತೆಗೆಯಹೊರಟರೆ ಏನಾಗುವುದೆಂಬುದನ್ನು ನಾನು ಸ್ವಾನುಭವದಿಂದ ಕಲಿತೆ.

ಶಿರಸಿಯ ಶಂಕರಹೊಂಡದಲ್ಲಿ ಹುಟ್ಟುವ ಅಘನಾಶಿನಿಯು ಉಂಚಳ್ಳಿಯಲ್ಲಿ ಧುಮುಕಿ, ಕುಮಟಾ ತಾಲ್ಲೂಕಿನ ತದಡಿ ಮತ್ತು ಅಘನಾಶಿನಿ ಗ್ರಾಮಗಳ ನಡುವೆ ಅರಬ್ಬೀ ಸಮುದ್ರವನ್ನು ಸೇರುತ್ತದೆ. ದೊಡ್ಡ ಅಣೆಕಟ್ಟಿನ ತಡೆಯಿಲ್ಲದೆ ಹರಿಯುವ ನದಿಯಿದು. ದಡದಲ್ಲಿ ಕಾಂಡ್ಲಾ ಕಾಡು, ಉಪ್ಪುನೀರನ್ನು ತಾಳುವ ಕಗ್ಗ ಭತ್ತದ ಗಜನಿ ಗದ್ದೆಗಳು, ಇಳಿತದಲ್ಲಿ ತಲೆಯೆತ್ತುವ ಬಳಚಿನ ಕೆಸರುಬಯಲು. 2024ರಲ್ಲಿ ಈ ಅಳಿವೆಯು ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ಕೊಂಕಣ ರೈಲಿನಿಂದಾಗಿ ಮುಂಬಯಿಯ ನಮಗೆ ಇದು ಈಗ ಒಂದು ರಾತ್ರಿಯ ಪ್ರಯಾಣ.

ಕಯಾಕ್ ಎಂಬ ಕಿರುದೋಣಿಯು ಮೂಲತಃ ಉತ್ತರ ಧ್ರುವಪ್ರದೇಶದ ಬೇಟೆಗಾರರದು. ಮರದ ಅಥವಾ ಎಲುಬಿನ ಚೌಕಟ್ಟಿಗೆ ಸೀಲ್ ಪ್ರಾಣಿಯ ಚರ್ಮ ಹೊದಿಸಿ, ಸದ್ದಿಲ್ಲದೆ ಬೇಟೆಯನ್ನು ಸಮೀಪಿಸಲು ಅವರು ಅದನ್ನು ನಿರ್ಮಿಸಿದರು. ಛಾಯಾಗ್ರಾಹಕನಿಗೂ ಅದೇ ಗುಣ ಬೇಕು. ಯಂತ್ರದ ಗದ್ದಲವಿಲ್ಲ, ಕುಳಿತವನ ಕಣ್ಣು ನೀರಿನ ಮಟ್ಟಕ್ಕೆ ಹತ್ತಿರವಿರುವುದರಿಂದ ಹಕ್ಕಿ ತನ್ನ ಲೋಕದಲ್ಲಿ ನಿಂತಂತೆಯೇ ಚಿತ್ರದಲ್ಲಿ ಮೂಡುತ್ತದೆ.

ಒಂದು ಜನವರಿಯ ಮುಂಜಾನೆ ಏಳರ ಸುಮಾರಿಗೆ ಭರತ ತುಂಬಿತ್ತು. ಮುಳುಗದೆ ಉಳಿದಿದ್ದ ಮರಳುದಿಬ್ಬವೊಂದರ ಮೇಲೆ ಗೊರವಗಳ ಹಿಂಡು ಒತ್ತೊತ್ತಾಗಿ ನಿಂತಿತ್ತು. ನಾನು ನೇರವಾಗಿ ಅತ್ತಲೇ ಹುಟ್ಟು ಹಾಕಿದೆ. ಹಿಂಡು ಹಾರಿತು. ಬೆನ್ನಟ್ಟಿದೆ, ಮತ್ತೆ ಹಾರಿತು. ಹೀಗೆ ಮೂರು ಬಾರಿ. ದೊರೆತ ಚಿತ್ರಗಳೆಲ್ಲ ಓಡಿಹೋಗುವ ಹಕ್ಕಿಗಳ ಬೆನ್ನುಗಳು. ಆ ಬೆನ್ನಟ್ಟುವಿಕೆಯಲ್ಲಿ ಇಳಿತವನ್ನು ಮರೆತೆ. ಹನ್ನೊಂದರ ಹೊತ್ತಿಗೆ ಕಯಾಕ್ ಕೆಸರಿನಲ್ಲಿ ಕುಳಿತಿತು.

ಇಳಿದು ನೂಕಲೆಂದು ಕಾಲು ಹೊರಗಿಟ್ಟೆ. ದೂರದ ಗಟ್ಟಿ ನೆಲದಲ್ಲಿ ಬಳಚು ಹೆಕ್ಕುತ್ತಿದ್ದ ವೃದ್ಧೆಯೊಬ್ಬಳು ಕೂಗಿದಳು: “ಇಳಿಬೇಡ ತಮಾ, ಕಾಲು ಹುಗೀತದೆ. ನೀರು ಬಂದ್ಮೇಲೆ ಹೋಗು.”

ನಾಲ್ಕು ಗಂಟೆ ಕುಳಿತೆ. ಇದ್ದುದು ಒಂದೇ ಬಾಟಲಿ ಕುಡಿಯುವ ನೀರು. ತಲೆಯ ಮೇಲೆ ಬಿಸಿಲು, ನೀರಿನಿಂದ ಪ್ರತಿಫಲಿಸಿ ಬರುವ ಬಿಸಿಲು ಬೇರೆ. ಆದರೆ ನಾನು ಅಲುಗಾಡದಾದ ಬಳಿಕ ಗೊರವಗಳು ಒಂದೊಂದಾಗಿ ಕೆಸರಿಗಿಳಿದವು. ಹತ್ತಾರು ಮಾರು ದೂರದಲ್ಲಿ ಕೊಕ್ಕಿಳಿಸಿ ಹುಳುಗಳನ್ನು ಹೆಕ್ಕತೊಡಗಿದವು. ನಡುಹಗಲಿನ ಕಠಿಣ ಬೆಳಕಿನಲ್ಲಿ ತೆಗೆದ ಆ ಚಿತ್ರವೇ ಇಂದು ನನ್ನ ಮನೆಯ ಗೋಡೆಯಲ್ಲಿದೆ.

ಬಳಿಕ ವಿಚಾರಿಸಿ ತಿಳಿದೆ. ಭರತದಲ್ಲಿ ಮೇವಿನ ಬಯಲು ಮುಳುಗುವುದರಿಂದ ಆ ಹಕ್ಕಿಗಳಿಗೆ ಅದು ವಿಶ್ರಾಂತಿಯ ವೇಳೆ. ಉತ್ತರದ ಶೀತಪ್ರದೇಶಗಳಿಂದ ಚಳಿಗಾಲಕ್ಕೆ ಬರುವ ಅವು, ಮರುಪ್ರಯಾಣಕ್ಕೆಂದು ಮೈಯಲ್ಲಿ ಕೊಬ್ಬನ್ನು ಕೂಡಿಡುತ್ತವೆ. ನಾವು ಎಬ್ಬಿಸಿದಾಗಲೆಲ್ಲ ಆ ದಾರಿಬುತ್ತಿಯೇ ವ್ಯರ್ಥವಾಗಿ ಉರಿಯುತ್ತದೆ. ಹಕ್ಕಿ ಮೇಯುವುದನ್ನು ನಿಲ್ಲಿಸಿ ಕತ್ತೆತ್ತಿತೆಂದರೆ, ನಾವು ಹತ್ತಿರವಾದೆವೆಂದೇ ಅರ್ಥ. ಆಗ ಮೆಲ್ಲನೆ ಹಿಂದೆ ಸರಿಯಬೇಕು. ಹುಟ್ಟನ್ನು ಮಡಿಲಲ್ಲಿಟ್ಟು, ಓರೆಯಾಗಿ ಹರಿವಿನೊಡನೆ ತೇಲಿದರೆ ಅವು ಅಷ್ಟಾಗಿ ಬೆದರವು.

ಹೋಗಬಯಸುವವರಿಗೆ ಕೆಲವು ಮಾತು. ಭರತದ ವೇಳೆ ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಸೆಳೆತ ಹೆಚ್ಚು. ಸ್ಥಳದ ಮೀನುಗಾರರನ್ನು ಕೇಳಿ, ಏರುವ ನೀರಿನೊಡನೆ ಒಳಕ್ಕೆ ಸಾಗಿ, ಇಳಿತ ತೊಡಗುತ್ತಲೇ ಮರಳಿರಿ. ಅಳಿವೆಯ ಬಾಯಿಯ ಅಲೆಗಳಿಂದ ದೂರವಿರಿ. ಈಜು ಬಲ್ಲವರೂ ಜೀವರಕ್ಷಕ ಅಂಗಿ ತೊಡಲೇಬೇಕು. ಕಾಲು ಚಾಚಿ ಬಹಳ ಹೊತ್ತು ಕುಳಿತರೆ ಸೊಂಟ ಹಿಡಿಯುತ್ತದೆ; ಬೆನ್ನುನೋವು, ಹೃದ್ರೋಗಗಳಿರುವವರು ವೈದ್ಯರ ಸಲಹೆ ಪಡೆಯಬೇಕು. ಅಗಲ ಅಂಚಿನ ಟೋಪಿ, ಅಗತ್ಯಕ್ಕಿಂತ ಇಮ್ಮಡಿ ಕುಡಿಯುವ ನೀರು ಜೊತೆಗಿರಲಿ. ತೂಗಾಡುವ ದೋಣಿಯಲ್ಲಿ ಮುಕ್ಕಾಲಿ ನಿಲ್ಲದು. ಸೆಕೆಂಡಿನ 1000ನೆಯ ಒಂದು ಭಾಗದ ವೇಗ ಅಥವಾ ಅದಕ್ಕೂ ಹೆಚ್ಚಿನದು ಹಿತ. ಕ್ಯಾಮೆರಾವನ್ನು ನೀರು ನುಗ್ಗದ ಚೀಲದಲ್ಲಿಟ್ಟು, ಮರಳಿದೊಡನೆ ಉಪ್ಪಿನಂಶವನ್ನು ಒರೆಸಿಬಿಡಿ.

ಪರಊರಲ್ಲಿ ದುಡಿದು, ಊರಿನ ದಾರಿಗೆಂದು ಕೂಡಿಡುವುದು ನಮಗೂ ಹೊಸತಲ್ಲ. ಆ ಹಕ್ಕಿಗಳ ಗಂಟಿಗೆ ನಾವು ಕೈಹಾಕದಿರೋಣ.