ಸೊಪ್ಪಿನ ಸತ್ವ ಸೋರಿಹೋಗುವುದೆಲ್ಲಿ?

ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಮನೆಗಳಿಗೆ ಸೊಪ್ಪು ಬರುವುದು ಎರಡು ದಾರಿಗಳಿಂದ. ಹಿತ್ತಿಲಿನ ಹರಿವೆ, ಚಪ್ಪರದ ಬಸಳೆ, ತೋಟದ ಬದಿಯ ತಿಮರೆ ಇವು ಕೊಯ್ದ ಅರ್ಧ ಗಂಟೆಯೊಳಗೆ ಅಡುಗೆಮನೆ ಸೇರಬಲ್ಲವು. ಪೇಟೆಯ ಅಂಗಡಿಯಲ್ಲಿ ಸಿಗುವ ಮೆಂತೆ, ಪಾಲಕ್, ಸಬ್ಬಸಿಗೆಯ ಕಟ್ಟುಗಳಾದರೋ ಹೆಚ್ಚಾಗಿ ಘಟ್ಟ ಇಳಿದು ಬಂದವು. ಕಣ್ಣಿಗೆ ಎರಡೂ ಹಸಿರೇ. ಒಳಗಿನ ಜೀವಸತ್ವಗಳ ಲೆಕ್ಕ ಮಾತ್ರ ಬೇರೆ.

ಗಿಡದಿಂದ ಬೇರ್ಪಟ್ಟ ಎಲೆ ಕೂಡಲೇ ಸಾಯುವುದಿಲ್ಲ. ಅದು ಉಸಿರಾಡುತ್ತಲೇ ಇರುತ್ತದೆ, ಕೂಡಿಟ್ಟದ್ದನ್ನು ಖರ್ಚು ಮಾಡುತ್ತಲೇ ಇರುತ್ತದೆ. ಮೊದಲು ಕರಗುವುದು ಸಿ ಜೀವಸತ್ವ. ಎಲೆ ಬಾಡಿದಷ್ಟೂ ಈ ನಷ್ಟ ಹೆಚ್ಚು. ಎ ಜೀವಸತ್ವದ ಮೂಲವಾದ ಕೆರೋಟಿನ್ ಇಷ್ಟು ಅಳ್ಳೆದೆಯದಲ್ಲ. ಬೇಯಿಸಿದರೂ ಬಹುಪಾಲು ಉಳಿಯುತ್ತದೆ, ಬಿಸಿಲಿನಲ್ಲಿ ಒಣಗಿಸಿದರೆ ಕೆಡುತ್ತದೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಕೋಷ್ಟಕಗಳಂತೆ 100 ಗ್ರಾಂ ನುಗ್ಗೆಸೊಪ್ಪಿನಲ್ಲಿ ಸಿ ಜೀವಸತ್ವ 100 ಮಿಲಿಗ್ರಾಮನ್ನು ಮೀರುತ್ತದೆ. ಹರಿವೆಯಲ್ಲಿ 80ರ ಆಸುಪಾಸು. ವಯಸ್ಕ ಗಂಡಸಿಗೆ ದಿನಕ್ಕೆ ಬೇಕಾದದ್ದು 80 ಮಿಲಿಗ್ರಾಂ. ಹಾಗಾದರೆ ಒಂದು ಕಟ್ಟು ಹರಿವೆ ಸಾಕಲ್ಲ ಎನ್ನಬೇಡಿ. ಅದು ಹಸಿ ಎಲೆಯ ಲೆಕ್ಕ, ಊಟಕ್ಕೆ ಬಡಿಸಿದ ಪಲ್ಯದ್ದಲ್ಲ.

ನಡುವೆ ಇರುವುದು ನಮ್ಮ ಮೆಟ್ಟುಕತ್ತಿ ಮತ್ತು ಒಲೆ. ಸೊಪ್ಪನ್ನು ಸಣ್ಣಗೆ ಹೆಚ್ಚಿ ಆಮೇಲೆ ನೀರಿಗೆ ಹಾಕುವ ಮನೆಗಳು ಹಲವು. ಹೆಚ್ಚಿದ ಪ್ರತಿಯೊಂದು ಅಂಚಿನಿಂದಲೂ ಸತ್ವ ನೀರಿಗೆ ಇಳಿಯುತ್ತದೆ. ಆ ನೀರು ಅಂಗಳದ ಬಾಳೆಬುಡಕ್ಕೆ! ತೊಳೆದ ಮೇಲೆಯೇ ಹೆಚ್ಚಬೇಕು, ಹೆಚ್ಚಿದ ಕೂಡಲೇ ಕುದಿಯುವ ನೀರಿಗೆ ಹಾಕಬೇಕು. ಕತ್ತಿಯ ಗಾಯದಿಂದ ಹೊರಬಿದ್ದ ಕಿಣ್ವಗಳು ಸಿ ಜೀವಸತ್ವವನ್ನು ಹಾಳುಮಾಡುತ್ತವೆ. ಬಿಸಿ ತಗಲಿದೊಡನೆ ಅವು ಸುಮ್ಮನಾಗುತ್ತವೆ. ಕಲಾಯಿ ಹೋದ ತಾಮ್ರದ ಪಾತ್ರೆ, ಬಣ್ಣಕ್ಕೆಂದು ಹಾಕುವ ಚಿಟಿಕೆ ಸೋಡಾ ಇವೆರಡೂ ಸಿ ಜೀವಸತ್ವದ ವೈರಿಗಳು. ಹುಳಿ ಅದರ ಮಿತ್ರ. ತಿಮರೆಯನ್ನು ಹಸಿಯಾಗಿ ಅರೆದು ಮಜ್ಜಿಗೆ ಬೆರೆಸಿದ ತಂಬುಳಿಗೆ ಒಲೆಯ ಕಾಟವೇ ಇಲ್ಲ. ಅರೆದೊಡನೆ ಉಣ್ಣಬೇಕು, ಅಷ್ಟೆ.

ಎಲೆಯಲ್ಲಿರುವ ಇನ್ನೊಂದು ಜೀವಸತ್ವದ ಕಥೆ ನಮ್ಮ ದೇಶದಲ್ಲೇ ಮೊದಲಾಯಿತು. ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ ಮುಂಬಯಿಯ ಬಸುರಿಯರಲ್ಲಿ ಕಂಡ ಒಂದು ಬಗೆಯ ರಕ್ತಹೀನತೆಯನ್ನು ಈಸ್ಟಿನ ಸಾರದಿಂದ ಗುಣಪಡಿಸಿ 1931ರಲ್ಲಿ ಬರೆದರು. ಆ ಸಾರದಲ್ಲಿದ್ದುದು ಏನೆಂದು ಆಗ ಯಾರಿಗೂ ಗೊತ್ತಿರಲಿಲ್ಲ. 1941ರಲ್ಲಿ ಅಮೆರಿಕದ ವಿಜ್ಞಾನಿಗಳು ಟನ್ನುಗಟ್ಟಲೆ ಪಾಲಕ್ ಸೊಪ್ಪಿನಿಂದ ಒಂದಿಷ್ಟು ಪದಾರ್ಥವನ್ನು ಬೇರ್ಪಡಿಸಿ, ಎಲೆಗೆ ಲ್ಯಾಟಿನಿನಲ್ಲಿ ಇರುವ ‘ಫೋಲಿಯಂ’ ಎಂಬ ಹೆಸರಿನಿಂದ ‘ಫೋಲಿಕ್ ಆಮ್ಲ’ ಎಂದು ಕರೆದರು. ಹೊಸ ರಕ್ತಕಣಗಳು ಹುಟ್ಟಲು ಇದು ಬೇಕು. ಗರ್ಭದಲ್ಲಿರುವ ಶಿಶುವಿನ ಬೆನ್ನುಹುರಿ ಸರಿಯಾಗಿ ಮೂಡಲೂ ಬೇಕು, ಅದೂ ತಾಯಿಗೆ ತಾನು ಬಸುರಿಯೆಂದು ತಿಳಿಯುವ ಮೊದಲ ವಾರಗಳಲ್ಲೇ. ಆದುದರಿಂದ ಮದುವೆಯಾದ ಮಗಳ ಊಟದಲ್ಲಿ ಸೊಪ್ಪು ಎಷ್ಟಿದೆ ಎಂದು ಅತ್ತೆಯೂ ತಾಯಿಯೂ ನೋಡುವುದು ಒಳ್ಳೆಯದು. ವೈದ್ಯರು ಕೊಟ್ಟ ಮಾತ್ರೆಯನ್ನು ಮಾತ್ರ ಸೊಪ್ಪಿನ ನೆವದಿಂದ ಬಿಡಬಾರದು.

ಈ ಫೋಲಿಕ್ ಆಮ್ಲವೂ ನೀರಿನಲ್ಲಿ ಕರಗುವಂಥದೇ. ಪಾಲಕನ್ನು ನೀರಿನಲ್ಲಿ ಬೇಯಿಸಿ ಬಸಿದಾಗ ಸುಮಾರು ಅರ್ಧಪಾಲು ನಷ್ಟವಾದುದನ್ನೂ, ಹಬೆಯಲ್ಲಿ ಬೇಯಿಸಿದಾಗ ಹೆಚ್ಚಿನ ಪಾಲು ಉಳಿದುದನ್ನೂ ಅಳೆದು ನೋಡಿದ್ದಾರೆ. ಬಸಳೆಯ ಸಾಂಬಾರಿನಲ್ಲಿ ಬೆಂದ ನೀರು ಅಲ್ಲೇ ಉಳಿಯುವುದರಿಂದ ನಮ್ಮ ಅಜ್ಜಿಯಂದಿರ ಕ್ರಮಕ್ಕೆ ದೋಷವಿಲ್ಲ.

ಆಟಿ ತಿಂಗಳ ಪತ್ರೊಡೆಯೂ ಹಬೆಯ ಅಡುಗೆಯೇ. ಕೆಸುವಿನ ಎಲೆಯಲ್ಲಿ ಸೂಜಿಯಂಥ ಆಕ್ಸಲೇಟ್ ಹರಳುಗಳಿರುವುದರಿಂದ ಗಂಟಲು ತುರಿಸುತ್ತದೆ. ಹಿಟ್ಟಿಗೆ ಹುಣಸೆಹುಳಿಯನ್ನು ಧಾರಾಳವಾಗಿ ಸೇರಿಸಿ ಚೆನ್ನಾಗಿ ಬೇಯಿಸಿದರೆ ಆ ತುರಿಕೆ ತಗ್ಗುತ್ತದೆ.