ಚೌತಿಗೊಂದು ಬಾಳೆಎಲೆ

ಮಸ್ಕತ್‌ನಲ್ಲಿದ್ದ ಎಂಟು ವರ್ಷ ನಮಗೆ ಬಾಳೆಎಲೆಯ ಚಿಂತೆ ಇರಲಿಲ್ಲ. ಹಬ್ಬದ ಹಿಂದಿನ ದಿನ ಅಂಗಡಿಗೆ ಹೋದರೆ ಎಲೆಯ ಕಟ್ಟು ಸಿಗುತ್ತಿತ್ತು. ಸಲಾಲಾಕ್ಕೆ ಹೋದಾಗಲಂತೂ ಬಾಳೆ, ತೆಂಗಿನ ತೋಟ ನೋಡಿ ಊರಿಗೇ ಬಂದೆವೇನೋ ಅನಿಸುತ್ತಿತ್ತು. ಕೆಲಸ ಬದಲಾಗಿ ನೆದರ್‌ಲ್ಯಾಂಡ್ಸ್‌ನ ಆಮ್‌ಸ್ಟೆಲ್‌ವೇನ್‌ಗೆ ಬಂದ ಮೇಲೆ ಆ ಭಾಗ್ಯ ತಪ್ಪಿತು.

2019ರ ಬೇಸಿಗೆಯಲ್ಲಿ ಪುತ್ತೂರಿನಿಂದ ಅಮ್ಮ ಬಂದರು. ಇಲ್ಲಿನ ನರ್ಸರಿಯೊಂದರಲ್ಲಿ ಬಾಳೆಗಿಡ ಕಂಡು ಅವರಿಗೆ ಆಶ್ಚರ್ಯ. ಹಿತ್ತಿಲಿನ ಬಿಸಿಲು ಬೀಳುವ ಮೂಲೆಯಲ್ಲಿ ತಾವೇ ಗುಂಡಿ ತೆಗೆಸಿ ನೆಟ್ಟರು. ಅದು ‘ಮೂಸಾ ಬಾಸ್ಜೂ’ ಎಂಬ ಜಾತಿ. ಮೂಲ ದಕ್ಷಿಣ ಚೀನಾ, ಕರೆಯುವುದು ಮಾತ್ರ ಜಪಾನಿನ ಬಾಳೆ ಎಂದು. ಕಾಯಿ ಬಿಟ್ಟರೂ ತಿನ್ನಲು ಬರುವುದಿಲ್ಲ. ಹಾಗಾಗಿ ನಮಗೆ ಎಲೆಯೇ ಫಸಲು. ಇಬ್ಬನಿ ಹೆಪ್ಪುಗಟ್ಟಿದ ಮೊದಲ ರಾತ್ರಿಗೇ ಎಲೆ ಕಪ್ಪಾಗಿ ಜೋತುಬೀಳುತ್ತದೆ. ಆದರೆ ಮಣ್ಣೊಳಗಿನ ಗೆಡ್ಡೆಯನ್ನು ಬೆಚ್ಚಗೆ ಮುಚ್ಚಿಟ್ಟರೆ ಬೇಸಿಗೆಗೆ ಮತ್ತೆ ಕಂದು ಬರುತ್ತದೆ.

ಬಾಳೆಗೂ ಈ ದೇಶಕ್ಕೂ ಹಳೆಯ ನಂಟಿದೆ. ಸಸ್ಯಗಳಿಗೆ ಹೆಸರಿಡುವ ಕ್ರಮ ರೂಪಿಸಿದ ಲಿನೇಯಸ್ ಇಲ್ಲಿನ ಹಾರ್ಲೆಮ್ ಬಳಿಯ ಹಾರ್ಟೆಕಾಂಪ್ ಎಸ್ಟೇಟಿನಲ್ಲಿದ್ದಾಗ, 1736ರಲ್ಲಿ, ಅಲ್ಲಿನ ಗಾಜಿನಮನೆಯಲ್ಲಿ ಬಾಳೆ ಹೂ ಬಿಟ್ಟಿತು. ಕೆಲವು ವಾರ ನೀರು ನಿಲ್ಲಿಸಿ, ಆಮೇಲೆ ಧಾರಾಳವಾಗಿ ಎರೆದು ಹೂ ಬರಿಸಿದರಂತೆ. ಎಂದರೆ ಬಾಳೆಗೊಂದು ಬೇಸಿಗೆ, ಒಂದು ಮಳೆಗಾಲ ಮಾಡಿಕೊಟ್ಟರು! ಲಿನೇಯಸ್ ಆ ಒಂದು ಗಿಡದ ಮೇಲೆಯೇ ಪುಸ್ತಕ ಬರೆದರು. ನಮ್ಮಲ್ಲಿ ಗಾಜಿನಮನೆ ಇರಲಿಲ್ಲ. ಇದ್ದದ್ದು ಬೈಹುಲ್ಲು, ತರಗೆಲೆ, ಒಂದು ಹಳೆಯ ಕಂಬಳಿ.

ಮೊದಲ ಚಳಿಗಾಲ ಮೆತ್ತಗಿತ್ತು, ಗಿಡ ಸುಲಭವಾಗಿ ಚಿಗುರಿತು. ಎರಡನೆಯದು ಹಾಗಲ್ಲ. 2021ರ ಫೆಬ್ರವರಿ 7ರಂದು ಹಿಮದ ಬಿರುಗಾಳಿ ಬೀಸಿತು, ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟಿತು. ಆ ವಾರ ದೇಶದ ಪೂರ್ವ ಭಾಗದ ಕೆಲವೆಡೆ ಉಷ್ಣಾಂಶ ಮೈನಸ್ 15 ಡಿಗ್ರಿಗಿಂತ ಕೆಳಗಿಳಿಯಿತು. ಕಾಲುವೆಗಳು ಗಟ್ಟಿಯಾಗಿ ಜನ ಅದರ ಮೇಲೆ ಸ್ಕೇಟಿಂಗ್ ಮಾಡಿದರು. ನಾವು ಕಿಟಕಿಯಲ್ಲಿ ನಿಂತು ಕಂಬಳಿಯ ಗುಪ್ಪೆಯನ್ನೇ ನೋಡುತ್ತಿದ್ದೆವು.

ಮಾರ್ಚ್‌ನಲ್ಲಿ ಹುಲ್ಲು ಸರಿಸಿದರೆ ದಿಂಡು ಕೊಳೆತು ವಾಸನೆ ಬರುತ್ತಿತ್ತು. ಕಿತ್ತು ಹಾಕೋಣ ಎಂದು ಅಮ್ಮನಿಗೆ ವಿಡಿಯೊ ಕಾಲ್ ಮಾಡಿದೆವು.

“ಕೊಳೆತದ್ದನ್ನು ಬುಡದವರೆಗೆ ಕೊಯ್ದು ಬಿಸಾಡಿ. ಗೆಡ್ಡೆ ಒತ್ತಿ ನೋಡಿ. ಗಟ್ಟಿ ಇದ್ದರೆ ಜೀವ ಉಂಟು. ನೀರು ಮಾತ್ರ ನಿಲ್ಲಬಾರದು” ಎಂದರು.

ಒತ್ತಿ ನೋಡಿದೆವು. ಒಂದು ಬದಿ ಮೆತ್ತಗಿತ್ತು, ಇನ್ನೊಂದು ಬದಿ ಗಟ್ಟಿ. ನೀರು ಇಂಗದ ಮಣ್ಣು ನಮ್ಮದು. ಸುತ್ತ ಸಣ್ಣ ಚರಂಡಿ ತೋಡಿದೆವು. ಪಕ್ಕದ ಮನೆಯ ಡಚ್ ಅಜ್ಜ ಬೇಲಿಯಾಚೆಯಿಂದ, “ಐಸ್‌ಹೈಲಿಗನ್ ಕಳೆಯಲಿ, ಅಲ್ಲಿಯವರೆಗೆ ಆಸೆ ಪಡಬೇಡಿ” ಎಂದರು. ಮೇ 11ರಿಂದ 14ರವರೆಗಿನ ನಾಲ್ವರು ಸಂತರ ದಿನಗಳವು. ಅವು ದಾಟುವ ತನಕ ಇಲ್ಲಿನವರು ನಾಜೂಕಿನ ಗಿಡ ಹೊರಗಿಡುವುದಿಲ್ಲ. ನಮ್ಮ ಹಿರಿಯರು ರೋಹಿಣಿ, ಮೃಗಶಿರಾ ಎಂದು ಮಳೆ ಲೆಕ್ಕ ಹಾಕಿದಂತೆಯೇ.

ಅಷ್ಟರಲ್ಲಿ ಊರಿನಲ್ಲಿ ಕೊರೊನಾದ ಎರಡನೇ ಅಲೆ ಎದ್ದಿತು. ಆ ಏಪ್ರಿಲ್ ಗಲ್ಫ್‌ನಲ್ಲಿರುವ ನಿಮಗೂ ಮರೆತಿರಲಿಕ್ಕಿಲ್ಲ. ಒಂದೊಂದೇ ದೇಶ ಭಾರತದ ವಿಮಾನಗಳನ್ನು ತಡೆಯಿತು. 26ರಿಂದ ನೆದರ್‌ಲ್ಯಾಂಡ್ಸ್ ಕೂಡ. ಮೇ ಮೊದಲ ವಾರ ಅಮ್ಮನಿಗೆ ಜ್ವರ ಬಂತು. ಮನೆಯಲ್ಲಿ ಒಬ್ಬರೇ. ಪಕ್ಕದ ಮನೆಯವರು ಗಂಜಿಯ ಪಾತ್ರೆಯನ್ನು ಜಗಲಿಯಲ್ಲಿಟ್ಟು ಹೋಗುತ್ತಿದ್ದರು. ದಿನಕ್ಕೆ ಮೂರು ಸಲ ಫೋನ್ ಮಾಡುತ್ತಿದ್ದೆವು. ಆಕ್ಸಿಮೀಟರಿನ ಅಂಕಿ ಕೇಳಿದ ಮೇಲೆ ಮುಂದೇನು ಕೇಳುವುದೆಂದು ಇಬ್ಬರಿಗೂ ತಿಳಿಯುತ್ತಿರಲಿಲ್ಲ. ಕೆಮ್ಮಿನ ನಡುವೆ ಅವರೇ ಕೇಳುತ್ತಿದ್ದರು: “ಬಾಳೆ ಬಂತಾ?”

ಇಲ್ಲ ಎನ್ನಲು ನಾಲಿಗೆ ಏಳುತ್ತಿರಲಿಲ್ಲ. “ಇನ್ನೂ ಚಳಿ ಉಂಟಮ್ಮ” ಎನ್ನುತ್ತಿದ್ದೆವು. ಅದು ಸುಳ್ಳೂ ಆಗಿರಲಿಲ್ಲ. ಆ ದಿನಗಳಲ್ಲಿ ಬೆಳಿಗ್ಗೆ ಎದ್ದವರೇ ಮೊದಲು ಫೋನ್ ನೋಡುತ್ತಿದ್ದೆವು, ಆಮೇಲೆ ಹಿತ್ತಿಲು.

ಮೇ ಕೊನೆಗೆ ಅಮ್ಮ ಎದ್ದು ಜಗಲಿಗೆ ಬಂದು ಕೂತರು. ಜೂನ್ ಎರಡನೇ ವಾರ, ಗೆಡ್ಡೆಯ ಗಟ್ಟಿ ಬದಿಯಲ್ಲಿ, ಬೆರಳುದ್ದದ ಹಸಿರು ಸುರುಳಿ ಮಣ್ಣು ಸೀಳಿಕೊಂಡು ಬಂದಿತ್ತು. ಫೋನನ್ನು ನೆಲಕ್ಕೆ ಹಿಡಿದು ತೋರಿಸಿದೆವು. ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಬಸವನಹುಳು ಬಾರದ ಹಾಗೆ ನೋಡಿಕೊಳ್ಳಿ” ಎಂದರು.

ಬಿಸಿಲು ಹಿಡಿದ ಮೇಲೆ ವಾರಕ್ಕೊಂದು ಎಲೆ ಬಿಚ್ಚಿತು. ಸೆಪ್ಟೆಂಬರ್ 10ರಂದು ಚೌತಿ. ಮೂರು ಎಲೆ ಕೊಯ್ದೆವು. ಎರಡು ನಮಗೆ. ಮೂರನೆಯದನ್ನು ಪಕ್ಕದ ಮನೆಯ ಅಜ್ಜನಿಗೆ ಹಾಸಿ, ಅನ್ನ, ಸಾಂಬಾರು, ಪಾಯಸ ಬಡಿಸಿದೆವು. ಮೇಜಿನ ತುದಿಯಲ್ಲಿ ಫೋನಿನಿಂದ ಅಮ್ಮ ನೋಡುತ್ತಿದ್ದರು.

“ಎಲೆ ತಿರುಗಿಸಿ ಹಾಕಿದ್ದೀರಲ್ಲ, ತುದಿ ಎಡಕ್ಕೆ ಬರಬೇಕು” ಎಂದರು. ಸರಿಮಾಡಿ ಹಾಕಿ, ಊಟಕ್ಕೆ ಕೂತೆವು.