ಹೊತ್ತು ತಪ್ಪಿದ ನಿದ್ರೆ

ಹಗಲು ಮಲಗುವವನನ್ನು ಸೋಮಾರಿಯೆಂದು ಹಳಿಯುವುದು ನಮ್ಮ ಮನೆಗಳಲ್ಲಿ ಹಿಂದಿನಿಂದ ಬಂದ ರೂಢಿಯಷ್ಟೆ. ಆದರೆ ಈಗ ಬೆಂಗಳೂರಿನ ಎಷ್ಟೋ ಸಂಸಾರಗಳಲ್ಲಿ ಮಗನೋ ಸೊಸೆಯೋ ಅಮೆರಿಕ ದೇಶದ ಗಡಿಯಾರಕ್ಕನುಸಾರವಾಗಿ ರಾತ್ರಿಯೆಲ್ಲ ದುಡಿದು, ಅರುಣೋದಯಕ್ಕೆ ಮನೆ ಸೇರುವರು. ಆ ದೇಶದ ಬಹುಭಾಗದಲ್ಲಿ ಮಾರ್ಚಿಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೂ ನವೆಂಬರಿನಲ್ಲಿ ಹಿಂದಕ್ಕೂ ತಿರುಗಿಸುವುದರಿಂದ ಇಲ್ಲಿನವರ ಪಾಳಿಯೂ ಅದರೊಡನೆ ಕದಲುವುದುಂಟು. ಬಿಡುವಿನ ದಿನ ಮನೆಮಂದಿಯಂತೆ ರಾತ್ರಿ ಮಲಗುವುದು, ಮರುದಿನದಿಂದ ಪುನಃ ಹಗಲು. ಹೀಗೆ ನಿದ್ರೆಗೆ ನೆಲೆಯೇ ಇಲ್ಲದಂತಾಗುವುದು.

ಅಭ್ಯಾಸಬಲದಿಂದ ಎಲ್ಲವೂ ಸರಿಹೋಗುವುದೆಂದು ಹಿರಿಯರು ಹೇಳುವರು. ಅದು ಅಷ್ಟು ಸುಲಭಸಾಧ್ಯವಲ್ಲ. 1938ರಲ್ಲಿ ಕ್ಲೈಟ್ಮನ್ ಎಂಬ ಶರೀರಶಾಸ್ತ್ರಜ್ಞನು ತನ್ನ ಸಹಾಯಕನೊಡನೆ ಅಮೆರಿಕದ ಮ್ಯಾಮತ್ ಗುಹೆಯಲ್ಲಿ 32 ದಿನ ವಾಸಮಾಡಿ, ದಿನಕ್ಕೆ 24ರ ಬದಲು 28 ಗಂಟೆಗಳೆಂಬಂತೆ ಬಾಳಲು ಯತ್ನಿಸಿದನು. ಸೂರ್ಯನ ಸುಳಿವೇ ಇಲ್ಲದ ಆ ಕತ್ತಲಲ್ಲಿ ತರುಣನಾದ ಸಹಾಯಕನು ಹೇಗೋ ಹೊಂದಿಕೊಂಡನು. ಕ್ಲೈಟ್ಮನ್ನನ ದೇಹವು ಮಾತ್ರ ಹಳೆಯ 24 ಗಂಟೆಗಳನ್ನು ಬಿಡಲೊಲ್ಲದು! ಕಾರಣವೇನೆಂದರೆ, ನೇತ್ರನಾಡಿಗಳೆರಡೂ ಅಡ್ಡಹಾಯುವ ಸ್ಥಾನದ ಮೇಲ್ಗಡೆ, ಮಿದುಳಿನೊಳಗೆ, ಒಂದು ಸಹಜ ಗಡಿಯಾರವಿದೆ. ಅದರ ಮುಳ್ಳನ್ನು ತಿದ್ದತಕ್ಕದ್ದು ಮುಖ್ಯವಾಗಿ ಬೆಳಕು. ರಾತ್ರಿ ದುಡಿದು ಬರುವವನ ಕಣ್ಣಿಗೆ ಬೆಳಗಿನ ಬಿಸಿಲು ಬಿದ್ದೊಡನೆ ಅದು "ಏಳು" ಎಂದು ಆಜ್ಞಾಪಿಸುವುದು.

ಹಗಲುನಿದ್ರೆಯನ್ನು ಬೇಸಗೆಯ ಹೊರತು ಸಾಮಾನ್ಯವಾಗಿ ಒಪ್ಪದ ಆಯುರ್ವೇದದಲ್ಲಿಯೇ ಇದಕ್ಕೊಂದು ವಿನಾಯಿತಿಯುಂಟು. ರಾತ್ರಿ ಎಚ್ಚರವಿದ್ದವನು ಅದರ ಅರ್ಧಕಾಲದಷ್ಟು ಬೆಳಿಗ್ಗೆ, ಊಟಕ್ಕೆ ಮುಂಚೆ, ಮಲಗಬೇಕೆಂದು ವಾಗ್ಭಟನ ಮತ. ಅಲ್ಲಿ ಅವನು "ಅಸಾತ್ಮ್ಯ" ಎಂಬ ಪದವನ್ನಿಟ್ಟಿರುವನು. ಎಂದರೆ ರೂಢಿಯಿಲ್ಲದ ಜಾಗರಣೆ. ನಿತ್ಯವೂ ರಾತ್ರಿ ದುಡಿಯುವವನಿಗೆ ಅರ್ಧದ ಲೆಕ್ಕ ಸಾಲದು. ಏಳು ಗಂಟೆಗಾದರೂ ಕಡಿಮೆಯಿಲ್ಲದ ನಿದ್ರೆ ಬೇಕು.

ಇಲ್ಲಿ ಮನೆಯವರ ಹೊಣೆ ದೊಡ್ಡದು. ಅನ್ನ ಆರಿಹೋಗುವುದೆಂದು ತಾಯಿಯು ಮಗನನ್ನು ಹನ್ನೆರಡಕ್ಕೆ ಎಬ್ಬಿಸುವುದು ವಾತ್ಸಲ್ಯವೇ ಹೌದು. ಆದರೆ ಅವನಿಗೆ ಅದು ನಡುರಾತ್ರಿ. ಸೊಸೆಯ ಪಾಡು ಇನ್ನೂ ಕಷ್ಟ; ಅವಳು ಮಲಗಿದರೆ ಅಡಿಗೆಯ ಮಾತು ಬರುವುದು. ಕೋಣೆಗೆ ದಪ್ಪ ಪರದೆ ಹಾಕಿ, ಕುಕ್ಕರಿನ ಕೂಗನ್ನೂ ಕರೆಗಂಟೆಯನ್ನೂ ಆದಷ್ಟು ತಡೆಯತಕ್ಕದ್ದು. ಕುಡಿದ ಕಾಫಿಯ ಸತ್ತ್ವದಲ್ಲಿ ಅರ್ಧ ಇಳಿಯಲು ಸುಮಾರು ಐದು ಗಂಟೆ ಹಿಡಿಯುವುದಾದ್ದರಿಂದ, ಪಾಳಿಯ ಉತ್ತರಾರ್ಧದಲ್ಲಿ ಅದನ್ನು ಮುಟ್ಟದಿರುವುದು ಲೇಸು. ಬಿಡುವಿನ ದಿನ ಒಮ್ಮೆಲೆ ಹತ್ತು ಗಂಟೆಗೆ ಮಲಗುವ ಬದಲು ಮೂರು ನಾಲ್ಕರವರೆಗೆ ಎಚ್ಚರವಿದ್ದು ಹೊತ್ತೇರುವವರೆಗೆ ನಿದ್ರಿಸಿದರೆ ಎರಡು ವೇಳೆಗಳ ನಡುವಣ ಅಂತರ ತಗ್ಗುವುದು. ತೂಕಡಿಸುತ್ತ ಮೋಟಾರು ಬೈಕನ್ನೇರುವುದು ಮಾತ್ರ ಸರ್ವಥಾ ಕೂಡದು.

ಇಷ್ಟಾದರೂ ಕೆಲವು ವಾರಗಳವರೆಗೆ ನಿದ್ರೆ ನಿಲ್ಲದಿದ್ದರೆ, ಅಂಗಡಿಯ ನಿದ್ರೆಗುಳಿಗೆಗೆ ಕೈಹಾಕದೆ ವೈದ್ಯರನ್ನು ಕಾಣತಕ್ಕದ್ದು. ಪಾಳಿಯ ವೇಳಾಪಟ್ಟಿಯನ್ನೂ ಜೊತೆಗೆ ಒಯ್ದರೆ ಅವರಿಗೆ ಅನುಕೂಲ.